ಕ್ಲಾಡ್ ಡೆಸ್ಕ್‌ಟಾಪ್ – ಎನ್‌ಏಟ್‌ಎನ್ ಎಂಸಿಪಿ ಜೋಡಣೆ: ಟೆಸ್ಟ್‌ನಲ್ಲಿ ಸರಿ, ಆಮೇಲೆ 404. ಬಟವಾಡೆ ವರ್ಕ್‌ಫ್ಲೋ ಕೊಡಬಹುದಾ?

ತೋಟದಲೆಕ್ಕ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಕಾಫಿ ತೋಟದ ಆಫೀಸಿನ ವಿಂಡೋಸ್ ಪಿಸಿಯಲ್ಲಿ ಡಾಕರ್ ಮೇಲೆ ಎನ್‌ಏಟ್‌ಎನ್ (ಕೆಲಸಗಳನ್ನು ತಾನಾಗಿ ಓಡಿಸುವ ತಂತ್ರಾಂಶ) ಇದೆ, ಅದರ ಮುಂದೆ ಹೊರಗಿನ ಕರೆಗಳನ್ನು ಅದಕ್ಕೆ ದಾಟಿಸುವ ಎನ್‌ಜಿನ್‌ಎಕ್ಸ್. ವರ್ಕ್‌ಫ್ಲೋ ಮೂರು: ಬೆಳಿಗ್ಗೆ 8.30ರ ಮಳೆ ಲೆಕ್ಕ ಗೂಗಲ್ ಶೀಟಿಗೆ, ಚೆಕ್‌ರೋಲ್‌ನಿಂದ (ಹಾಜರಿ ಪುಸ್ತಕ) ವಾರದ ಆಳುಗಳ ಲೆಕ್ಕ, ಬಟವಾಡೆ ಪಟ್ಟಿ ತಯಾರಿಸಿ ರೈಟರಿಗೆ (ತೋಟದ ಗುಮಾಸ್ತರಿಗೆ) ಕಳಿಸುವುದು. ಇವನ್ನು ಆಂಥ್ರೊಪಿಕ್‌ನ ಎಐ ಆದ ಕ್ಲಾಡ್‌ಗೆ ಕನ್ನಡದಲ್ಲೇ ಹೇಳಿ ಮಾಡಿಸಬೇಕು. ಅದಕ್ಕೆ ಎನ್‌ಏಟ್‌ಎನ್‌ನಲ್ಲಿ ಎಂಸಿಪಿ (ಎಐ ಹೊರಗಿನ ತಂತ್ರಾಂಶದ ಜೊತೆ ಮಾತಾಡುವ ಪದ್ಧತಿ) ಸರ್ವರ್ ಟ್ರಿಗರ್ ಹಾಕಿದ್ದೇವೆ.

ಎಡಿಟರ್ ತೆರೆದಿದ್ದಾಗ ಕೆಲಸ ಆಗುತ್ತದೆ, ಮುಚ್ಚಿದ ಮೇಲೆ 404 (ವಿಳಾಸ ಸಿಗಲಿಲ್ಲ ಅನ್ನುವ ಎರರ್). ಡೊಮೇನ್ ಮೂಲಕ ಹೋದರೆ ಕನೆಕ್ಟ್ ಆದಂತೆ ತೋರಿಸಿ ಸುಮ್ಮನೆ ನಿಂತುಬಿಡುತ್ತದೆ. ಮಳೆ ಲೆಕ್ಕ ಶೀಟಿನಲ್ಲಿ ಹಿಂದಿನ ದಿನದ ತಾರೀಖಿಗೆ ಬೀಳುತ್ತದೆ, ಅಂಕಿ ಒಮ್ಮೆ ಇಂಚಿನಲ್ಲಿ, ಒಮ್ಮೆ ಮಿಲಿಮೀಟರಿನಲ್ಲಿ. ಕೊನೆಯದಾಗಿ, ಬಟವಾಡೆಯನ್ನೂ ಎಐ ಕೈಗೆ ಕೊಡುವುದು ಸರಿಯಾ?

ಕುಶಾಲನಗರ_ನೆಟ್

ಮೊದಲ ಎರಡಕ್ಕೆ ಉತ್ತರ ಹೇಳುತ್ತೇನೆ ಸರ್.

404 ಬರುವುದು ನೀವು ಟೆಸ್ಟ್ ಯುಆರ್‌ಎಲ್ ಕೊಟ್ಟಿರುವುದರಿಂದ. ಅದರ ದಾರಿಯಲ್ಲಿ "ಎಂಸಿಪಿ-ಟೆಸ್ಟ್" ಅಂತ ಇರುತ್ತದೆ, ಎಡಿಟರಿನಲ್ಲಿ ಟೆಸ್ಟ್‌ಗೆ ಒತ್ತಿದಾಗ ಮಾತ್ರ ಅದು ಜೀವಂತ. ಟ್ರಿಗರ್ ನೋಡ್ ತೆರೆದು ಪ್ರೊಡಕ್ಷನ್ ಯುಆರ್‌ಎಲ್ ಕಾಪಿ ಮಾಡಿಕೊಳ್ಳಿ, ವರ್ಕ್‌ಫ್ಲೋವನ್ನು ಆಕ್ಟಿವ್ ಮಾಡಿ. ಅಲ್ಲಿ ಲೋಕಲ್‌ಹೋಸ್ಟ್ 5678 ಅಂತ ಕಾಣಿಸಿದರೆ ಡಾಕರ್ ಎನ್ವಿರಾನ್‌ಮೆಂಟಿನಲ್ಲಿ ವೆಬ್‌ಹುಕ್ ಯುಆರ್‌ಎಲ್‌ಗೆ ನಿಮ್ಮ ಡೊಮೇನ್ ಕೊಟ್ಟು ಕಂಟೇನರ್ ಮತ್ತೆ ಎಬ್ಬಿಸಿ.

ನಿಂತುಬಿಡುವುದು ಎನ್‌ಜಿನ್‌ಎಕ್ಸ್‌ನಿಂದ. ಎಂಸಿಪಿ ಉತ್ತರಗಳು ತುಂಡು ತುಂಡಾಗಿ ಹರಿದು ಬರಬೇಕು, ಎನ್‌ಜಿನ್‌ಎಕ್ಸ್ ಅವನ್ನು ಬಫರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎಂಸಿಪಿ ದಾರಿಗೆ ಬೇರೆಯೇ ಲೊಕೇಶನ್ ಬ್ಲಾಕ್ ಬರೆದು ಅದರೊಳಗೆ ಪ್ರಾಕ್ಸಿ ಬಫರಿಂಗ್, ಜಿಜಿಪ್, ಚಂಕ್ಡ್ ಟ್ರಾನ್ಸ್‌ಫರ್ ಎನ್‌ಕೋಡಿಂಗ್ ಮೂರನ್ನೂ ಆಫ್ ಮಾಡಿ. ಪ್ರಾಕ್ಸಿ ಎಚ್‌ಟಿಟಿಪಿ ವರ್ಷನ್ 1.1, ಕನೆಕ್ಷನ್ ಹೆಡರ್ ಖಾಲಿ. ಪ್ರಾಕ್ಸಿ ರೀಡ್ ಟೈಮ್‌ಔಟ್ ಮಾಮೂಲಿಗೆ 60 ಸೆಕೆಂಡ್, ಅಷ್ಟು ಹೊತ್ತು ಏನೂ ಹರಿಯದಿದ್ದರೆ ಕನೆಕ್ಷನ್ ಕಡಿಯುತ್ತದೆ. 3600ಕ್ಕೆ ಏರಿಸಿ.

ಕ್ಲಾಡ್ ಡೆಸ್ಕ್‌ಟಾಪಿನ ಕಾನ್ಫಿಗ್ ಫೈಲಿನಲ್ಲಿ ಬರೆಯುವ ಸರ್ವರ್ ಎಸ್‌ಟಿಡಿಐಒ (ಅದೇ ಪಿಸಿಯೊಳಗಿನ ಪ್ರೋಗ್ರಾಂಗಳ ನಡುವಿನ ದಾರಿ) ಮೂಲಕ ಮಾತಾಡುತ್ತದೆ, ಎನ್‌ಏಟ್‌ಎನ್ ಟ್ರಿಗರಿಗೆ ಎಸ್‌ಟಿಡಿಐಒ ಬರುವುದಿಲ್ಲ. ನಡುವೆ ಎಂಸಿಪಿ-ರಿಮೋಟ್ ಪ್ಯಾಕೇಜ್ ಬೇಕು, ಅದಕ್ಕೆ ನೋಡ್ 18 ಅಥವಾ ಮೇಲಿನದು. ವಿಂಡೋಸ್‌ನಲ್ಲಿ ಒಂದು ಕಡೆ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ: ಆರ್ಗ್ಯುಮೆಂಟಿನೊಳಗಿನ ಸ್ಪೇಸ್ ಸರಿಯಾಗಿ ದಾಟುವುದಿಲ್ಲ. ಹಾಗಾಗಿ ಆಥರೈಸೇಶನ್ ಹೆಡರ್ ಬರೆಯುವಾಗ ಕೋಲನ್ ಆದ ಮೇಲೆ ಸ್ಪೇಸ್ ಬಿಡದೆ ನೇರವಾಗಿ ವೇರಿಯಬಲ್ ಹೆಸರು ಹಾಕಿ. "ಬೇರರ್" ಪದ, ಸ್ಪೇಸ್, ಟೋಕನ್ ಇವು ಕೆಳಗಿನ ಎನ್ವಿರಾನ್‌ಮೆಂಟ್ ಭಾಗದಲ್ಲಿರಲಿ. ಫೈಲ್ ಉಳಿಸಿದ ಮೇಲೆ ವಿಂಡೋ ಮುಚ್ಚಿದರೆ ಸಾಲದು, ಟ್ರೇಯಿಂದ ಕ್ವಿಟ್ ಮಾಡಿ ತೆರೆಯಬೇಕು. ಆಗಲೂ ಬಾರದಿದ್ದರೆ ಆಪ್‌ಡೇಟಾದಲ್ಲಿ ಕ್ಲಾಡ್ ಫೋಲ್ಡರಿನೊಳಗಿನ ಲಾಗ್ಸ್ ನೋಡಿ. ಪ್ರತಿ ಸರ್ವರಿಗೂ ಬೇರೆ ಲಾಗ್ ಫೈಲ್ ಇರುತ್ತದೆ.

ನೆಟ್ಟಿನಲ್ಲಿರುವ ಪಾಠಗಳ ತಾರೀಖು ನೋಡಿಕೊಂಡು ಅನುಸರಿಸಿ. ಆಂಥ್ರೊಪಿಕ್ ಎಂಸಿಪಿಯನ್ನು ಪ್ರಕಟಿಸಿದ್ದು 2024ರ ನವೆಂಬರಿನಲ್ಲಿ, 2025ರ ಮಾರ್ಚ್ ಆವೃತ್ತಿಯಲ್ಲಿ ಹಳೆಯ ಎಸ್‌ಎಸ್‌ಇ (ಸರ್ವರಿನಿಂದ ಉತ್ತರ ಹರಿಸುವ ವಿಧಾನ) ಸಾಗಣೆಯ ಜಾಗಕ್ಕೆ ಸ್ಟ್ರೀಮೆಬಲ್ ಎಚ್‌ಟಿಟಿಪಿ ಬಂತು. ಯುಆರ್‌ಎಲ್ ಕೊನೆಗೆ ಎಸ್‌ಎಸ್‌ಇ ಸೇರಿಸಿ ಅನ್ನುವ ಸಲಹೆ ಹಳೆಯ ಕಾಲದ್ದು.

ಬಟವಾಡೆ ಕೊಡಬೇಡಿ ಅಂತಲೇ ನನ್ನ ಅಭಿಪ್ರಾಯ. ಓದುವ ಕೆಲಸ ಸಾಕು.

ಪೊನ್ನಂಪೇಟೆ_ಡೇಟಾ

ತಾರೀಖಿನ ಗೋಳಿಗೆ ಕಾರಣ ಟೈಮ್‌ಝೋನ್. ಎನ್‌ಏಟ್‌ಎನ್‌ಗೆ ಏನೂ ಹೇಳದಿದ್ದರೆ ಅದು ನ್ಯೂಯಾರ್ಕ್ ಸಮಯ ಹಿಡಿಯುತ್ತದೆ. ಮಳೆಗಾಲದಲ್ಲಿ ನಮಗೂ ಅಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ನೀವು ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿ ಬರೆಸುವಾಗ ಅದರ ಲೆಕ್ಕದಲ್ಲಿ ಹಿಂದಿನ ರಾತ್ರಿ 11. ಜೆನೆರಿಕ್ ಟೈಮ್‌ಝೋನ್ ವೇರಿಯಬಲ್‌ಗೆ ಏಷ್ಯಾ/ಕೋಲ್ಕತ್ತಾ ಕೊಡಿ. ವರ್ಕ್‌ಫ್ಲೋದ ಸೆಟ್ಟಿಂಗ್ಸ್‌ನಲ್ಲೂ ನೋಡಿ, ಅಲ್ಲಿ ಬೇರೆ ಆರಿಸಿದ್ದರೆ ಅದೇ ಗೆಲ್ಲುತ್ತದೆ. ಇವತ್ತಿನ ತಾರೀಖನ್ನು ಮಾಡೆಲಿನಿಂದ (ಅಂದರೆ ಕ್ಲಾಡ್‌ನಿಂದ) ಕೇಳಲೇಬೇಡಿ, ಸರ್ವರ್ ಗಡಿಯಾರವೇ ಹಾಕಲಿ. "ನಿನ್ನೆಯದು ಬರೆದಿಲ್ಲ" ಅನ್ನುವ ಸಂದರ್ಭಕ್ಕೆ ಮಾತ್ರ ತಾರೀಖಿನ ಐಚ್ಛಿಕ ಇನ್‌ಪುಟ್ ಇಡಿ.

ಇಂಚು–ಮಿಲಿಮೀಟರ್ ಗೊಂದಲಕ್ಕೆ ಮಾಡೆಲನ್ನು ದೂರಿ ಫಲವಿಲ್ಲ, ಟೂಲಿನ (ಮಾಡೆಲ್ ಕರೆದು ಮಾಡಿಸುವ ಕೆಲಸದ) ವಿವರಣೆ ತಿದ್ದಬೇಕು. "ಮಳೆ" ಅಂತ ಒಂದೇ ಇನ್‌ಪುಟ್ ಇಟ್ಟರೆ, "ಒಂದು ಇಂಚು ಇಪ್ಪತ್ತು ಸೆಂಟ್" ಅಂದಾಗ ಒಮ್ಮೆ 1.20, ಇನ್ನೊಮ್ಮೆ 30.48 ಬರುತ್ತದೆ. ಎರಡೂ ಸರಿಯೇ, ಶೀಟ್ ಮಾತ್ರ ಹಾಳು. ಇನ್‌ಪುಟ್ ಹೆಸರನ್ನೇ "ಮಳೆ_ಸೆಂಟ್" ಮಾಡಿ, ಟೈಪ್ ನಂಬರ್. ವಿವರಣೆಯಲ್ಲಿ ಹೀಗೆ ಬರೆಯಿರಿ: "ಮಳೆ ಪ್ರಮಾಣ ಸೆಂಟ್‌ನಲ್ಲಿ. 1 ಇಂಚು ಅಂದರೆ 100 ಸೆಂಟ್. ಒಂದು ಇಂಚು ಇಪ್ಪತ್ತು ಸೆಂಟ್ ಅಂದರೆ 120. ಬಳಕೆದಾರರು ಮಾಪನ ಹೇಳದಿದ್ದರೆ ಊಹಿಸದೆ ಕೇಳು." ಮಿಲಿಮೀಟರ್ ಬೇಕಾದರೆ ಶೀಟಿನಲ್ಲೇ 0.254ರಿಂದ ಗುಣಿಸಿಕೊಳ್ಳಿ. ಆ ಗುಣಾಕಾರ ಮಾಡೆಲಿನ ತಲೆಗೆ ಬೇಡ.

ಈ ಟ್ರಿಗರ್ ಬೇರೆ ಟ್ರಿಗರ್‌ಗಳ ಹಾಗೆ ಮುಂದಿನ ನೋಡಿಗೆ ಡೇಟಾ ದಾಟಿಸುವುದಿಲ್ಲ, ಇದಕ್ಕೆ ಟೂಲ್ ನೋಡ್‌ಗಳನ್ನಷ್ಟೇ ಜೋಡಿಸಬಹುದು. ಪ್ರತಿ ಕೆಲಸವನ್ನೂ ಉಪ-ವರ್ಕ್‌ಫ್ಲೋ ಮಾಡಿ, ಅದರ ಆರಂಭದ ನೋಡಿನಲ್ಲಿ ಇನ್‌ಪುಟ್‌ಗಳನ್ನು ಹೆಸರಿಸಿ, ಕಾಲ್ ವರ್ಕ್‌ಫ್ಲೋ ಟೂಲ್ ಮೂಲಕ ಜೋಡಿಸಿ.

ಬಟವಾಡೆ ವಿಷಯದಲ್ಲಿ ಮೇಲಿನವರ ಮಾತು ಪೂರ್ತಿ ಒಪ್ಪಲಾರೆ. ವಾರದ ಕೊನೆಗೆ ರೈಟರ್ ಕೂತು ಹಾಜರಿ ಕೂಡುವ ಕೆಲಸ ಹಗುರಾಗುವುದು ಅಲ್ಲೇ. ಕೊಡಿ, ಆದರೆ ಮುಗಿಸುವ ಅಧಿಕಾರ ಬೇಡ. ಟೂಲ್ ಕರಡು ಪಟ್ಟಿಯನ್ನು "ಬಾಕಿ" ಸ್ಥಿತಿಯಲ್ಲಿ ಬರೆದು ತಕ್ಷಣ ಉತ್ತರ ಕೊಡಲಿ. ಇನ್ನೊಂದು ವರ್ಕ್‌ಫ್ಲೋ ಬಾಕಿ ಸಾಲುಗಳನ್ನು ಮಾಲೀಕರ ಟೆಲಿಗ್ರಾಂಗೆ ಒಪ್ಪಿಗೆಗೆ ಕಳಿಸಲಿ. ಒಪ್ಪಿಗೆಗೆ ಕಾಯುವ ನೋಡನ್ನು ಟೂಲ್ ಒಳಗೇ ಇಟ್ಟರೆ ಕೆಡುತ್ತದೆ: ಎಂಸಿಪಿಯ ಟೈಪ್‌ಸ್ಕ್ರಿಪ್ಟ್ ಎಸ್‌ಡಿಕೆಯಲ್ಲಿ (ಪ್ರೋಗ್ರಾಂ ಬರೆಯುವವರ ಕಿಟ್) ಒಂದು ಕರೆಗೆ ಮಾಮೂಲಿ ಗಡುವು 60 ಸೆಕೆಂಡ್. ಮಾಲೀಕರು ತೋಟದೊಳಗೆ ಸಿಗ್ನಲ್ ಇಲ್ಲದ ಕಡೆ ಇದ್ದರೆ ಗಡುವು ಮೀರುತ್ತದೆ, ಮಾಡೆಲ್ ಮತ್ತೆ ಕರೆಯುತ್ತದೆ, ಪಟ್ಟಿ ಎರಡು ಸಲ ಬೀಳುತ್ತದೆ. ಅದಕ್ಕೇ ವಾರ ಮತ್ತು ಆಳಿನ ನಂಬರ್ ಸೇರಿಸಿ ಒಂದು ಕೀ ಮಾಡಿ, ಶೀಟ್ಸ್ ನೋಡಿನಲ್ಲಿ "ಅಪೆಂಡ್ ಆರ್ ಅಪ್‌ಡೇಟ್" ಬಳಸಿ. ಅದೇ ಕೀ ಮತ್ತೆ ಬಂದರೆ ಹೊಸ ಸಾಲು ಹುಟ್ಟುವುದಿಲ್ಲ.

ತೋಟದಲೆಕ್ಕ, ಸಿದ್ದಾಪುರ

ಮೇಡಂ, ಸರ್, ಇಬ್ಬರಿಗೂ ಧನ್ಯವಾದ. 404 ಹೋಯಿತು, ತಾರೀಖೂ ಸರಿಯಾಯಿತು. ಹೊರಗಿನಿಂದ ಮೊಬೈಲಿನಲ್ಲಿ ಕ್ಲಾಡ್ ಬಳಸಲು 192.168ರ ಅಡ್ರೆಸ್ ಕೊಟ್ಟರೆ ಆಗುವುದಿಲ್ಲವಾ? ಡೊಮೇನ್ ಆಫೀಸಿನ ನೆಟ್‌ವರ್ಕಿನೊಳಗೆ ಮಾತ್ರ ಸಿಗುತ್ತದೆ.

ಕುಶಾಲನಗರ_ನೆಟ್

ಆಗುವುದಿಲ್ಲ. ವೆಬ್ ಮತ್ತು ಮೊಬೈಲಿನ ಕನೆಕ್ಟರ್ ನಿಮ್ಮ ಫೋನಿನಿಂದ ಹೊರಡುವುದಲ್ಲ, ಆಂಥ್ರೊಪಿಕ್ ಸರ್ವರಿನಿಂದ ಬರುತ್ತದೆ. ಸಾರ್ವಜನಿಕ ಎಚ್‌ಟಿಟಿಪಿಎಸ್ ವಿಳಾಸ ಬೇಕೇ ಬೇಕು. ನಿಮ್ಮ ಲೈನ್ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇದ್ದರೆ ಪೋರ್ಟ್ ಫಾರ್ವರ್ಡ್ ನಡೆಯದು, ಒಳಗಿನಿಂದಲೇ ಹೊರಗೆ ದಾರಿ ತೆರೆಯುವ ಕ್ಲೌಡ್‌ಫ್ಲೇರ್ ಟನಲ್ ಹಾಕಿ. ಹೆಸರಿಟ್ಟ ಟನಲ್ ಆಗಿರಬೇಕು, ಅಕೌಂಟ್ ಇಲ್ಲದೆ ಸಿಗುವ ಕ್ವಿಕ್ ಟನಲ್‌ನಲ್ಲಿ ಎಸ್‌ಎಸ್‌ಇ ಹರಿಯುವುದಿಲ್ಲ. ಹೊರಗೆ ತೆರೆಯುವ ಮೊದಲು ಟ್ರಿಗರಿನ ಆಥೆಂಟಿಕೇಶನ್ "ನನ್" ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಯುಆರ್‌ಎಲ್ ಸಿಕ್ಕವರೆಲ್ಲ ನಿಮ್ಮ ಚೆಕ್‌ರೋಲ್ ಓದಬಹುದು.

ಕರೆಂಟ್ ಹೋಗಿ ಬಂದಾಗ ಕಂಟೇನರ್ ತಾನಾಗಿ ಏಳಲು ರೀಸ್ಟಾರ್ಟ್ ಪಾಲಿಸಿ "ಅನ್‌ಲೆಸ್ ಸ್ಟಾಪ್ಡ್" ಇರಲಿ. ಎನ್‌ಏಟ್‌ಎನ್ ಡೇಟಾ ಫೋಲ್ಡರ್ ವಾಲ್ಯೂಮ್ ಮೇಲಿರಬೇಕು. ಎನ್‌ಕ್ರಿಪ್ಶನ್ ಕೀ ಅಲ್ಲೇ ಇರುವುದರಿಂದ ಅದು ಹೋದರೆ ಉಳಿಸಿಟ್ಟ ಕ್ರೆಡೆನ್ಶಿಯಲ್ ಒಂದೂ ತೆರೆಯುವುದಿಲ್ಲ. ಮತ್ತೆ ಎದ್ದ ಸರ್ವರಿಗೆ ಹಳೆಯ ಸೆಶನ್ ಗೊತ್ತಿರುವುದಿಲ್ಲ. ಕ್ಲಾಡ್ ಎರರ್ ಕೊಟ್ಟರೆ ಮುಚ್ಚಿ ತೆರೆಯಿರಿ.

ಬಟವಾಡೆ ಕರಡಿನ ದಾರಿ ಮೇಡಂ ಹೇಳಿದಂತೆ ಮಾಡಿದರೆ ನನ್ನ ತಕರಾರಿಲ್ಲ. ಓದುವ ಟೂಲ್‌ಗಳಿಗೆ ಒಂದು ಟ್ರಿಗರ್, ಬರೆಯುವವಕ್ಕೆ ಇನ್ನೊಂದು, ಟೋಕನ್ ಬೇರೆ ಬೇರೆ.

ಪೊನ್ನಂಪೇಟೆ_ಡೇಟಾ

ಇನ್ನೊಂದು ಮಾತು. ಟೂಲ್ ವಾಪಸ್ ಕೊಡುವುದೆಲ್ಲ ಮಾಡೆಲಿಗೆ ಹೋಗುತ್ತದೆ. ಚೆಕ್‌ರೋಲ್ ಶೀಟಿನ ಆಧಾರ್, ಬ್ಯಾಂಕ್ ಖಾತೆ ಕಾಲಂಗಳನ್ನು ಉಪ-ವರ್ಕ್‌ಫ್ಲೋದ ಕೊನೆಯಲ್ಲಿ ಎಡಿಟ್ ಫೀಲ್ಡ್ಸ್ ನೋಡ್ ಹಾಕಿ ಉದುರಿಸಿ: ಆಳಿನ ನಂಬರ್, ಹಾಜರಿ ದಿನ, ಕೂಲಿ ದರ ಸಾಕು. ಷರಾ ಕಾಲಂ ಕೂಡ ಬಿಡಿ. ಮೇಸ್ತ್ರಿ ಕಳಿಸಿದ ವಾಟ್ಸಾಪ್ ಪಠ್ಯ ಅಲ್ಲಿ ಹಾಗೇ ಬಂದು ಕೂತಿದ್ದು, ಅದರಲ್ಲಿ "ಇವರಿಗೆ ಎರಡು ದಿನ ಸೇರಿಸಿ" ಅಂತ ಇದ್ದರೆ, ಮಾಡೆಲ್ ಅದನ್ನು ನಿಮ್ಮದೇ ಅಪ್ಪಣೆ ಅಂದುಕೊಂಡು ಸೇರಿಸಿಬಿಡಬಹುದು.