ಅಪ್‌ಡೇಟ್: ಸ್ವಿಚ್‌ನ ಅಲಾರ್ಮ್ ರಿಲೇ ಸರಿಹೋಯಿತು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಪ್ಲಾಂಟ್‌ನಲ್ಲಿ ಈಥರ್ನೆಟ್ ಸ್ವಿಚ್‌ನ (ಯಂತ್ರಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ) ಫಾಲ್ಟ್ ಲೈಟ್ ಆರುತ್ತಲೇ ಇಲ್ಲ, ಹೂಟರ್ ಸುಮ್ನೆ ಕೂಗುತ್ತಿದೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ದಾರಿ ತೋರಿಸಿದ ಎಲ್ಲರಿಗೂ ಧನ್ಯವಾದ.

ಸ್ವಿಚ್‌ಗೆ ಎರಡು ಪವರ್ ಇನ್‌ಪುಟ್ ಇವೆ. ಎರಡನೆಯದು ಖಾಲಿ, ಆದರೆ ಅದರ ಅಲಾರ್ಮ್ ಮಾತ್ರ ಆನ್. ಅಂದರೆ ಸ್ವಿಚ್ ಲೆಕ್ಕದಲ್ಲಿ ಒಂದು ಸಪ್ಲೈ ಸದಾ ಹೋಗಿದೆ! ಅಲಾರ್ಮ್ ಆಫ್ ಮಾಡಿದರೂ ಸದ್ದು ನಿಲ್ಲುತ್ತಿತ್ತು. ಆದರೆ ಬೇರೆ ಎಂಸಿಬಿಯಿಂದ (ಟ್ರಿಪ್ ಆಗುವ ಬ್ರೇಕರ್) ಇನ್ನೊಂದು 24 ವೋಲ್ಟ್ ಸಪ್ಲೈ ಕೊಡುವುದೇ ಒಳ್ಳೆಯದು ಅನ್ನಿಸಿತು, ಕೊಟ್ಟೆವು.

ಸ್ವಿಚ್‌ನ ಅಲಾರ್ಮ್ ರಿಲೇ, ಅಂದರೆ ಫಾಲ್ಟ್ ಬಂದಿದ್ದನ್ನು ಹೊರಗೆ ತಿಳಿಸುವ ವಿದ್ಯುತ್ ಚಾಲಿತ ಕಾಂಟ್ಯಾಕ್ಟ್, ಎಲ್ಲ ಸರಿ ಇದ್ದಾಗ ಎಳೆದುಕೊಂಡಿರುತ್ತದೆ. ಫಾಲ್ಟ್ ಬಂದರೆ, ಸ್ವಿಚ್‌ಗೆ ಪವರ್ ಪೂರ್ತಿ ಹೋದರೂ, ಬಿಡುತ್ತದೆ. ಹಾಗಾಗಿ ಸರಿ ಇದ್ದಾಗ ಕ್ಲೋಸ್ ಇರುವ ಕಾಂಟ್ಯಾಕ್ಟನ್ನೇ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಇನ್‌ಪುಟ್‌ಗೆ ಕೊಟ್ಟಿದ್ದೇವೆ. ವೈರ್ ತುಂಡಾದರೂ ಗೊತ್ತಾಗುತ್ತದೆ. ಎನ್‌ಒ (ನಾರ್ಮಲಿ ಓಪನ್), ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಗುರುತನ್ನಷ್ಟೇ ನಂಬಬೇಡಿ. ಪವರ್ ಇದ್ದಾಗ, ಇಲ್ಲದಾಗ ಎರಡೂ ಸಲ ಮಲ್ಟಿಮೀಟರ್ ಇಟ್ಟು ಬೀಪ್ ಕೇಳಿ. ವೈರ್ ಬಿಚ್ಚಿಟ್ಟೇ ನೋಡಬೇಕು, ಅಲ್ವಾ.

ನಮ್ಮ ಕಾಂಟ್ಯಾಕ್ಟ್ ತಡೆಯುವುದು 24 ವೋಲ್ಟ್ ಡಿಸಿಯಲ್ಲಿ 1 ಆಂಪಿಯರ್ ಮಾತ್ರ. 230 ವೋಲ್ಟ್ ಹೂಟರ್ ಅದಕ್ಕೆ ನೇರ ಬೇಡವೇ ಬೇಡ. ಅದೀಗ ಪಿಎಲ್‌ಸಿ ಔಟ್‌ಪುಟ್‌ನಿಂದ ಬೇರೆ ರಿಲೇ ಮೂಲಕ ಕೂಗುತ್ತದೆ.

ಲಿಂಕ್ ಅಲಾರ್ಮ್ (ಕೇಬಲ್ ಸಂಪರ್ಕ ತಪ್ಪಿದರೆ ಬರುವುದು) ರಿಂಗ್ ಪೋರ್ಟ್‌ಗಳಿಗೆ, ಅಂದರೆ ಸ್ವಿಚ್‌ಗಳನ್ನು ಉಂಗುರದಂತೆ ಜೋಡಿಸುವ ಪೋರ್ಟ್‌ಗಳಿಗೆ ಮಾತ್ರ ಇಟ್ಟಿದ್ದೇವೆ. ಲ್ಯಾಪ್‌ಟಾಪ್ ಕಿತ್ತಾಗ ಕೂಗುವುದಿಲ್ಲ, ರಿಂಗ್ ಕೇಬಲ್ ಕಿತ್ತರೆ ತಕ್ಷಣ ಕೂಗುತ್ತದೆ.