ಚಿಕ್ಕಪ್ಪ ಕಳಿಸಿದ ಫಾರ್ವರ್ಡು

ಚಿಕ್ಕಪ್ಪ: (ಫಾರ್ವರ್ಡ್) "ಮಕ್ಕಳು ಮಾದಕ ವಸ್ತುವಿನ ಬಲೆಗೆ ಬೀಳುವ ಮುನ್ನ ಎಚ್ಚರ! ದಿನಾ ಬ್ಯಾಗ್ ಹುಡುಕಿ. ಮೊಬೈಲ್ ನೋಡಿ. ತಿಂಗಳಿಗೊಮ್ಮೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿ."
ಮಕ್ಕಳಿರೋರೆಲ್ಲ ಪೂರ್ತಿ ಓದಿ.

ಭಾವ: ನೂರಕ್ಕೆ ನೂರು ಸರಿ. ನಮ್ಮ ಕಾಲದ ಭಯ ಈಗಿನ ಮಕ್ಕಳಿಗಿಲ್ಲ.

ನಾನು: ಚಿಕ್ಕಪ್ಪ, ಕಾಳಜಿಯಿಂದಲೇ ಕಳಿಸಿದ್ದೀರಿ, ಗೊತ್ತು. ಆದರೆ ಇದನ್ನ ಒಪ್ಪೋಕಾಗಲ್ಲ. ಮನೇಲಿ ಪರೀಕ್ಷೆ ಮಾಡ್ಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಕೆಲವು ಕೆಮ್ಮಿನ ಔಷಧಿ ಕುಡಿದಿದ್ದರೂ ಆ ಪರೀಕ್ಷೆಯ ಕಿಟ್ ತಪ್ಪು ತೋರಿಸಬಹುದು. ಏನೂ ಮಾಡದ ಮಗುವನ್ನ ಕಳ್ಳನ ಹಾಗೆ ನಿಲ್ಲಿಸಿದ ಮೇಲೆ, ಆ ಮಾತನ್ನ ವಾಪಸ್ ತಗೊಳ್ಳೋದು ಹೇಗೆ?

ಚಿಕ್ಕಪ್ಪ: ಹಾಗಾದ್ರೆ ಕಣ್ಮುಚ್ಚಿ ಕೂರೋದಾ?

ನಾನು: ಖಂಡಿತ ಇಲ್ಲ. ಮಗು ಎಲ್ಲಿದೆ, ಯಾರ ಜೊತೆಗಿದೆ ಅಂತ ಗೊತ್ತಿರಲೇಬೇಕು. ಅದು ಗೊತ್ತಾಗೋದು ಹೇಗೆ ಅನ್ನೋದೇ ಪ್ರಶ್ನೆ. ಸ್ವೀಡನ್‌ನಲ್ಲಿ ಸ್ಟಾಟಿನ್, ಕೆರ್ ಅನ್ನೋ ಇಬ್ಬರು ಸಂಶೋಧಕರು 14 ವರ್ಷದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಇದನ್ನೇ ಕೇಳಿ, ಗೊತ್ತಾದದ್ದನ್ನ 2000ದಲ್ಲಿ ಪ್ರಕಟಿಸಿದ್ರು. ಹೆತ್ತವರಿಗೆ ಗೊತ್ತಿದ್ದ ವಿಷಯದಲ್ಲಿ ಹೆಚ್ಚಿನದು ಮಕ್ಕಳು ತಾವಾಗೇ ಹೇಳಿದ್ದು. ಬೆನ್ನು ಹತ್ತಿ ಪತ್ತೆ ಮಾಡಿದ್ದು ಕಡಿಮೆ.

ಭಾವ: ಪುಸ್ತಕದ ಮಾತು. ಹೇಳದೇ ಇರೋ ಮಗುವಿಗೆ ಏನ್ ಮಾಡ್ತೀಯ?

ನಾನು: ಹೇಳೋ ಅಭ್ಯಾಸ ಹದಿನಾರಕ್ಕೆ ದಿಢೀರಂತ ಬರಲ್ಲ ಭಾವ, ಹತ್ತು ಹನ್ನೊಂದರಲ್ಲೇ ಶುರುವಾಗ್ಬೇಕು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 10ರಿಂದ 14 ವರ್ಷದ ಮಕ್ಕಳಿರೋ ಮನೆಗಳಿಗೆ ಅಂತಲೇ ಒಂದು ತರಬೇತಿ ಮಾಡಿದ್ದಾರೆ. 7 ವಾರ, ವಾರಕ್ಕೆ 2 ಗಂಟೆ. ಮೊದಲ ಗಂಟೆ ದೊಡ್ಡವರು ಬೇರೆ, ಮಕ್ಕಳು ಬೇರೆ. ಎರಡನೇ ಗಂಟೆ ಇಬ್ಬರೂ ಒಟ್ಟಿಗೆ. ಕೂಗಾಡದೆ ನಿಯಮ ಹೇಳೋದನ್ನ ದೊಡ್ಡವರು ಕಲೀತಾರೆ, ಗೆಳೆಯರು ಒತ್ತಾಯ ಮಾಡಿದಾಗ ಬೇಡ ಅನ್ನೋದನ್ನ ಮಕ್ಕಳು. ಅಲ್ಲಿನ ಹಳ್ಳಿ ಕಡೆಯ ಶಾಲೆಗಳಲ್ಲಿ ನಾಲ್ಕು ವರ್ಷ ಕಳೆದು ನೋಡಿದಾಗಲೂ ಈ ಮನೆಗಳ ಮಕ್ಕಳಲ್ಲಿ ಕುಡಿತ, ಸಿಗರೇಟು ಕಡಿಮೆ ಇತ್ತು.

ಭಾವ: ಅದನ್ನೇ ಸ್ವೀಡನ್, ಪೋಲೆಂಡ್‌ನಲ್ಲಿ ಮಾಡಿದಾಗ ಫಲ ಸಿಗಲಿಲ್ಲ. ನಾನೂ ಓದಿದ್ದೀನಿ.

ನಾನು: ನಿಜ, ಸಿಗಲಿಲ್ಲ. ಏಳು ವಾರದ ತರಗತಿ ಎಲ್ಲ ಕಡೆಗೂ ಒಂದೇ ಮದ್ದು ಅಂತ ನಾನು ಹೇಳಲ್ಲ. ಮನೆಯ ಸುತ್ತಲಿನದ್ದೂ ಬದಲಾಗ್ಬೇಕು. ಐಸ್‌ಲ್ಯಾಂಡ್ ನೋಡಿ. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿತ್ತು ಅಂದ 15–16ರ ಮಕ್ಕಳು 1998ರಲ್ಲಿ ಶೇ. 42 ಇದ್ರು, 2016ಕ್ಕೆ ಶೇ. 5. ರಾತ್ರಿ ತಡವಾದ ಮೇಲೆ ಮಕ್ಕಳು ಹೊರಗಿರಬಾರದು ಅಂತ ಹೆತ್ತವರು ಸೇರಿ ಒಪ್ಪಂದ ಮಾಡ್ಕೊಂಡ್ರು. ಆಟ, ಸಂಗೀತಕ್ಕೆ ಸರ್ಕಾರ ದುಡ್ಡು ಕೊಡ್ತು.

ಭಾವ: ನೋಡು, ಅಲ್ಲೂ ನಿಯಮವೇ ಬಂತು!

ನಾನು: ನಿಯಮ ಬೇಡ ಅಂದೋರ್ಯಾರು ಭಾವ? ಎಲ್ಲರಿಗೂ ಗೊತ್ತಿರೋ ನಿಯಮ ಬೇರೆ, ಮಗು ಮಲಗಿದ ಮೇಲೆ ಬ್ಯಾಗಿಗೆ ಕೈ ಹಾಕೋದು ಬೇರೆ.

ದೊಡ್ಡಮ್ಮ: ಜಗಳ ಆಡ್ಬೇಡ್ರಪ್ಪ.

ಪುಟ್ಟಿ: ಅಪ್ಪಾ, ಹೋದ ವರ್ಷ ನೀನು ನನ್ನ ಬ್ಯಾಗ್ ನೋಡಿದ್ದೆ. ನಾನು ಜಿಪ್ಪನ್ನ ಯಾವಾಗ್ಲೂ ಎಡಗಡೆ ಎಳೆದಿರ್ತೀನಿ. ಬೆಳಿಗ್ಗೆ ಅದು ಬಲಗಡೆ ಇತ್ತು.

ಚಿಕ್ಕಪ್ಪ: ನಿನ್ನ ಮೇಲೆ ಅನುಮಾನಕ್ಕಲ್ಲ ಪುಟ್ಟಿ. ಭಯ ಆಗಿತ್ತು.

ಪುಟ್ಟಿ: ಗೊತ್ತು. ಆದ್ರೆ ಆ ವಾರ ಒಬ್ರು ನಂಗೆ ವೇಪ್, ಅದೇ ಇ-ಸಿಗರೇಟು, ಕೊಡೋಕೆ ಬಂದಿದ್ರು. ನಾನು ತಗೊಳ್ಲಿಲ್ಲ. ಅದನ್ನ ನಿಂಗೆ ಹೇಳ್ಬೇಕು ಅಂತಾನೇ ಇದ್ದೆ. ಜಿಪ್ ನೋಡಿದ್ಮೇಲೆ ಹೇಳ್ಲಿಲ್ಲ.

ಚಿಕ್ಕಪ್ಪ: ಯಾರದು? ಹೆಸರು ಹೇಳು.

ನಾನು: ಚಿಕ್ಕಪ್ಪ, ಈಗ ಹೆಸರು ಕೇಳ್ಬೇಡಿ. ದಯವಿಟ್ಟು. ಈ ಗ್ರೂಪಲ್ಲಂತೂ ಬೇಡವೇ ಬೇಡ.

(ಹತ್ತು ನಿಮಿಷ ಯಾರೂ ಏನೂ ಬರೀಲಿಲ್ಲ.)

ಚಿಕ್ಕಪ್ಪ: ಸರಿ, ಕೇಳಲ್ಲ. ಬೇಡ ಅಂದ್ಯಲ್ಲ, ಒಳ್ಳೇದ್ ಮಾಡ್ದೆ ಪುಟ್ಟಿ. ಇವತ್ತು ಎಷ್ಟೊತ್ತಿಗೆ ಬರ್ತೀಯ?

ಪುಟ್ಟಿ: ಆರೂವರೆ.

ಚಿಕ್ಕಪ್ಪ: ನಾನೇ ಬರ್ತೀನಿ ಕರ್ಕೊಂಡ್ ಹೋಗೋಕೆ. ನಡ್ಕೊಂಡೇ ಬರೋಣ.