ರಿವಾಲ್ವರ್ ಫ್ರಂಟ್ ಸೈಟ್ ಬಿಸಿಲಿಗೆ ಹೊಳೀತಿದೆ, ಏನ್ ಮಾಡೋದು? (ಪುಣೆ)

ವಾಕಡ್_ಶೂಟರ್:
ಎಲ್ರಿಗೂ ನಮಸ್ಕಾರ. ಪುಣೆ ಮುಂಬೈ ಕಡೆ ಸೆಂಟರ್ ಫೈರ್ (25 ಮೀಟರ್ ಪಿಸ್ತೂಲ್ ಸ್ಪರ್ಧೆ) ಹೊಡೆಯೋ ಕನ್ನಡದವ್ರು ಯಾರಾದ್ರೂ ಇದ್ರೆ ಸ್ವಲ್ಪ ದಾರಿ ತೋರ್ಸಿ. ಬಾಳೇವಾಡಿ ಕಡೆ ಪ್ರಾಕ್ಟೀಸ್ ಮಾಡ್ತೀನಿ, ಆರು ಇಂಚು ಬ್ಯಾರೆಲ್ಲಿನ ಹಳೇ .32 ರಿವಾಲ್ವರ್, ಗನ್ ನಂದಲ್ಲ ಕ್ಲಬ್ಬಿಂದು. ಫ್ರಂಟ್ ಸೈಟು (ಗುರಿ ಹಿಡಿಯೋಕೆ ಬ್ಯಾರೆಲ್ ತುದೀಲಿರೋ ಗೂಟ) ಇಳಿಜಾರು ರ‍್ಯಾಂಪ್ ಟೈಪು, ಅದರ ಮೇಲಿದ್ದ ಅಡ್ಡ ಗೆರೆಗಳು ಸವೆದು ನುಣ್ಣಗಾಗಿವೆ, ಬ್ಲೂಯಿಂಗ್ (ಉಕ್ಕಿನ ಮೇಲಿನ ಕಪ್ಪು-ನೀಲಿ ಪದರ) ಹೋಗಿ ಉಕ್ಕು ಇಣುಕ್ತಿದೆ. ಬೆಳಿಗ್ಗೆ ಬೇಗ ಹೋದ್ರೆ ಏನೂ ತೊಂದ್ರೆ ಇಲ್ಲ, ಬಿಸಿಲು ಏರಿದ್ಮೇಲೆ ಸೈಟಿನ ತುದಿ ಪಳಪಳ ಅಂತ ಹೊಳೆದು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ, ಗುಂಡುಗಳ ಗ್ರೂಪು ಒತ್ತೊತ್ತಾಗಿ ನೀಟಾಗೇ ಬೀಳತ್ತೆ ಆದ್ರೆ ಪೂರ್ತಿ ಮೇಲಕ್ಕೆ. ಜೊತೆಯವ್ರೆಲ್ಲಾ ಗ್ರಿಪ್ ಸರಿ ಮಾಡ್ಕೋ ಅಂತಾರೆ. ಗ್ರಿಪ್ ತಪ್ಪಾಗಿದ್ರೆ ಬೆಳಿಗ್ಗೇನೂ ಮೇಲೆ ಹೋಗ್ಬೇಕಲ್ವಾ?

ಕ್ಲಬ್ ಗನ್ ಆಗಿರೋದ್ರಿಂದ ಅರ ಹಾಕೋದು, ಪರ್ಮನೆಂಟ್ ಪೇಂಟು ಎಲ್ಲಾ ಆಗಲ್ಲ. ಒರೆಸಿದ್ರೆ ಹೋಗೋ ಥರದ್ದು ಏನಾದ್ರೂ ಇದ್ರೆ ಹೇಳಿ.

ಹುಬ್ಳಿ_ಟು_ಪಿಂಪ್ರಿ:
ಗ್ರಿಪ್ಪೂ ಅಲ್ಲ ಏನೂ ಅಲ್ರಿ, ಬೆಳಕಿನ ಆಟ ಅದು. ರ‍್ಯಾಂಪ್ ಅಂದ್ರ ಅದರ ಮುಖ ಆಕಾಶದ ಕಡೆ ಇರ್ತದ, ಸೂರ್ಯ ಮ್ಯಾಲೆ ಬಂದಂಗ ತುದಿ ಬೆಳ್ಳಗ ಆಗ್ತದ. ನೀವು ಸಿಕ್ಸ್ ಓಕ್ಲಾಕ್ ಹೋಲ್ಡ್ (ಟಾರ್ಗೆಟ್ಟಿನ ಕರೀ ವೃತ್ತದ ಕೆಳಗ ಗುರಿ) ಇಟ್ಟಿರ್ತೀರಿ ಅಂದ್ರ ಸೈಟಿನ ಹಿಂದ ಇರೋದು ಟಾರ್ಗೆಟ್ಟಿನ ಬಿಳಿ ಭಾಗ, ಬಿಳಿ ಮ್ಯಾಲೆ ಬಿಳಿ, ತುದಿ ಕಾಣೂದ ಇಲ್ಲ. ಕಣ್ಣಿಗೆ ಕಾಣೂದು ಸೈಟಿನ ಕೆಳಗಿನ ಕರೀ ಭಾಗ ಅಷ್ಟ, ಅದನ್ನ ಹಿಂದಿನ ಸೈಟಿನ ಕಚ್ಚಿಗೆ (ನಾಚ್) ಸಮ ಮಾಡಾಕ ಹೋಗಿ ನೀವು ಬ್ಯಾರೆಲ್ ಎತ್ತತೀರಿ, ಗುಂಡು ಮ್ಯಾಲೆ ಹೋಗ್ತದ.

ಲೆಕ್ಕಾ ಹಾಕ್ರಿ ಬೇಕಾದ್ರ. ಎರಡೂ ಸೈಟಿನ ನಡುವ 150 ಮಿಲಿಮೀಟರ್ ಅಂತ ಹಿಡೀರಿ, ತುದಿ 0.3 ಮಿಲಿಮೀಟರ್ ಮಾಯ ಆದ್ರ 25 ಮೀಟರಿಗೆ 50 ಮಿಲಿಮೀಟರ್ ಫರಕ್. ಪ್ರಿಸಿಷನ್ (ನಿಧಾನಕ್ಕ ಹೊಡಿಯೂ ಸುತ್ತು) ಟಾರ್ಗೆಟ್ಟಿನ ಹತ್ತರ ರಿಂಗ್ ಅಡ್ಡಗಲ ಪೂರಾ 50, ಅಂದ್ರ ನಟ್ಟನಡುವ ಹೋಗಬೇಕಾದ್ದು ಒಂಬತ್ತು ಎಂಟರ ಗೆರಿ ಮ್ಯಾಲೆ ಕೂಡ್ತದ.

ಉಪಾಯ ನಿಮ್ಮ ದೇವರ ಕೋಣ್ಯಾಗ ಐತಿ. ಕರ್ಪೂರ. ಹೊರಗಿನ ದೇಶದಾಗೂ ಹಳೇ ಶೂಟರ್‌ಗಳು ಸೈಟಿಗೆ ಕರ್ಪೂರದ ಹೊಗಿ ಹಿಡೀತಿದ್ರು, ಇಲ್ಲಾ ಕಾರ್ಬೈಡ್ ದೀಪದ ಮಸಿ. ಕಾರ್ಬೈಡಿಗೆ ನೀರು ಬಿದ್ರ ಅಸಿಟಿಲೀನ್ ಗ್ಯಾಸ್ ಬರ್ತದ, ಆ ಉರಿ ಮಸಿ ಭಾಳ ಉಗುಳ್ತದ. ಈಗ ಕಾರ್ಬೈಡ್ ಹೆಸರು ಕೇಳೂದು ಮಾವಿನಹಣ್ಣು ರೇಡ್ ಆದಾಗ ಅಷ್ಟ, ಅದರ ಗೊಡವಿ ಬ್ಯಾಡ. ತುಳಶೀಬಾಗ್ ಪ್ಯಾಟ್ಯಾಗಿನ ಯಾವ ಪೂಜಾ ಸಾಮಾನಿನ ಅಂಗಡ್ಯಾಗೂ ಕರ್ಪೂರ ಸಿಗ್ತದ. ಮಂಗಳಾರತಿ ತಟ್ಟಿ ಹೆಂಗ ಕರ್ರಗ ಆಗ್ತದೋ ಹಂಗ ಸೈಟೂ ಆಗ್ತದ, ಒರಸಿದ್ರ ಹೋಗ್ತದ.

ಘಾಟ್ಕೋಪರ್_ರಾಯರು:
ಕರ್ಪೂರ ಸರಿ, ಆದರೆ ಪೂರ್ತಿ ಹೇಳಿ ಮಾರಾಯ್ರೆ, ಅರ್ಧ ಕೇಳಿ ಇವರು ಫೈರಿಂಗ್ ಲೈನಿನಲ್ಲೇ ಆರತಿ ಎತ್ತಿಯಾರು.

ಮೊದಲು ಸಿಲಿಂಡರ್ ತೆರೆದು ಆರೂ ಕೋಣೆ ಖಾಲಿ ಉಂಟಾ ಅಂತ ನೋಡಿ, ರೇಂಜ್ ಆಫೀಸರಿಗೂ ತೋರಿಸಿ, ಅವರ ಒಪ್ಪಿಗೆ ಇದ್ದರೆ ಮಾತ್ರ ಮುಂದೆ. ಕಾರ್ಟ್ರಿಜ್, ಕ್ಲೀನಿಂಗ್ ಸಾಲ್ವೆಂಟ್, ಎಣ್ಣೆ ಬಟ್ಟೆ ಯಾವುದೂ ಹತ್ತಿರ ಇರಬಾರದು. ಆಮೇಲೆ ಸೈಟಿನ ಜಿಡ್ಡು ತೆಗೀಬೇಕು, ಐಸೋಪ್ರೊಪೈಲ್ ಆಲ್ಕೊಹಾಲ್ ಮೆಡಿಕಲ್‌ನಲ್ಲಿ ಸಿಗ್ತದೆ, ಇಯರ್ ಬಡ್‌ಗೆ ಅದ್ದಿ ಒರೆಸಿ, ಬಾಟ್ಲಿ ಮುಚ್ಚಿ ದೂರ ಇಟ್ಟು, ಸೈಟ್ ಪೂರ್ತಿ ಒಣಗಿದ ಮೇಲೆಯೇ ಬೆಂಕಿ. ಜಿಡ್ಡು ಬಿಟ್ಟರೆ ಮಾಡಿದ್ದೆಲ್ಲ ದಂಡ, ಯಾಕೆಂದರೆ ಮಸಿ ಕಪ್ಪಾಗಿ ಕಾಣುವುದು ಅದು ಬಿಡಿಬಿಡಿಯಾಗಿ ಕೂತು ಬೆಳಕನ್ನು ಒಳಗೇ ಹಿಡಿದಿಟ್ಟುಕೊಳ್ಳುವುದರಿಂದ, ಎಣ್ಣೆ ಕುಡಿದರೆ ಮೇಲ್ಮೈ ನುಣ್ಣಗಾಗಿ ಪುನಃ ಹೊಳೀಲಿಕ್ಕೆ ಶುರು.

ಉರಿಯ ಒಳಗೆ ಸೈಟ್ ತುರುಕಬೇಡಿ. ಉರಿಯ ತುದಿಯಿಂದ ಕಪ್ಪು ಹೊಗೆ ಎಳೆಯಾಗಿ ಮೇಲೆ ಹೋಗ್ತದಲ್ಲ, ಅಲ್ಲಿ ರ‍್ಯಾಂಪಿನ ಮುಖ ಕೆಳಗೆ ಮಾಡಿ ಹಿಂದೆ ಮುಂದೆ ಸರಿಸಿ, ಮಖಮಲ್ಲಿನ ಹಾಗೆ ಕಪ್ಪು ಬಂದ ಕೂಡಲೇ ತೆಗೀರಿ. ಉಕ್ಕು ಬಿಸಿ ಆಗುವವರೆಗೆ ಹಿಡಿಯುವ ಅಗತ್ಯವೇ ಇಲ್ಲ. ಕೆಲವು ರಿವಾಲ್ವರಿನ ರ‍್ಯಾಂಪಿನಲ್ಲಿ ಕೆಂಪು ಪ್ಲಾಸ್ಟಿಕ್ ತುಂಡು ಕೂರಿಸಿರ್ತಾರೆ, ನಿಮ್ಮದು ಅಂಥದ್ದಾದರೆ ಬೆಂಕಿ ತೋರಿಸಬೇಡಿ, ಕರಗ್ತದೆ. ಬೆರಳು ಮುಟ್ಟಿದರೆ, ಕೇಸಿಗೆ ಉಜ್ಜಿದರೆ ಮಸಿ ಹೋಯ್ತು, ಹಾಗಾಗಿ ರೇಂಜಿಗೆ ಹೋದ ಮೇಲೆ ಹಚ್ಚುವ ಕೆಲಸ ಇದು.

ನಿಗಡಿ_ನವೀನ:
ಇಷ್ಟೆಲ್ಲಾ ಯಾಕೆ ಗುರು, ಕೆಂಪು ನೇಲ್ ಪಾಲಿಶ್ ಹಚ್ಬಿಡು, ಎದ್ದು ಕಾಣತ್ತೆ. ಇಲ್ಲಾಂದ್ರೆ ಕಪ್ಪು ಟೇಪಲ್ಲಿ ಸೈಟಿನ ಮೇಲೆ ಒಂದು ಚಿಕ್ಕ ಗೂಡು ಕಟ್ಟು, ನೆರಳು ಬೀಳತ್ತೆ, ಹೊಳಪೇ ಇರಲ್ಲ.

ಘಾಟ್ಕೋಪರ್_ರಾಯರು:
ಗೂಡು ಮನೆಯಲ್ಲಿ ಚಂದ, ಮ್ಯಾಚಿನಲ್ಲಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್‌ನ ಪಿಸ್ತೂಲ್ ನಿಯಮದ ಪ್ರಕಾರ ಮುಂದಿನ ಹಿಂದಿನ ಓಪನ್ ಸೈಟಿಗೆ ಯಾವ ಹೊದಿಕೆಯೂ ಇರಕೂಡದು. ಕೆಂಪು ಬಣ್ಣ ಹತ್ತಿರದಿಂದ ಗಡಿಬಿಡಿಯಲ್ಲಿ ಹೊಡೆಯುವವರಿಗೆ ಬೇಗ ಕಣ್ಣಿಗೆ ಬೀಳಲಿ ಅಂತ ಮಾಡಿದ್ದು, ಬಿಳಿ ಕಾಗದದ ಎದುರು ಅಂಚು ಕಪ್ಪಿನಷ್ಟು ಚೂಪಾಗಿ ಬರುವುದಿಲ್ಲ. ಮೇಲಿಂದ ನೇಲ್ ಪಾಲಿಶ್ ಒಣಗಿದರೆ ಉಕ್ಕಿಗಿಂತ ಜಾಸ್ತಿ ಹೊಳೀತದೆ!

ಮಡಗಾಂವ್_ಕೊಡಗು:
ನಾನು ರಿವಾಲ್ವರ್ ಹೊಡ್ಯೋನಲ್ಲ, ಊರಲ್ಲಿ ಕೋವಿ. ಈಗ ಕೆಲ್ಸ ಗೋವಾದಲ್ಲಿ. ಕೈಲ್ ಪೊಳ್ದ್ ಹಬ್ಬದ ಟೈಮಲ್ಲಿ ಮರಕ್ಕೆ ತೆಂಗಿನಕಾಯಿ ಕಟ್ಟಿ ಹೊಡೀತೀವಲ್ಲ, ಅಲ್ಲಿ ಮುಂದಿನ ಸೈಟಿನ ಜಾಗದಲ್ಲಿ ದುಂಡನೆ ಹಿತ್ತಾಳೆ ಗುಂಡಿ ಇರೋ ಕೋವಿ ತಂದೋರದ್ದು ಇದೇ ಕಥೆ, ಆದ್ರೆ ಸೈಡಿಗೆ. ಬಿಸಿಲು ಬಲಗಡೆಯಿಂದ ಬಂದ್ರೆ ಗುಂಡಿಯ ಬಲ ಕೆನ್ನೆ ಮಾತ್ರ ಮಿಂಚತ್ತೆ, ಆ ಮಿಂಚನ್ನೇ ನಡುವಿಗೆ ತಂದು ಹೊಡೆದ್ರೆ ಏಟು ಎಡಕ್ಕೆ. ಅಂದ್ರೆ ಬಿಸಿಲಿಂದ ಆಚೆ ಕಡೆ. ರಿವಾಲ್ವರಿಗೂ ಹಂಗೇನಾ?

ಹುಬ್ಳಿ_ಟು_ಪಿಂಪ್ರಿ:
ಮಸ್ತ್ ಪಾಯಿಂಟ್ ಹೇಳಿದ್ರಿ. ಚೌಕ ಪೋಸ್ಟಿಗೆ, ಅಂದ್ರ ಚೌಕ ತುದಿಯ ಫ್ರಂಟ್ ಸೈಟಿಗೆ, ಉಲ್ಟಾ ಆಗೂದ ಜಾಸ್ತಿ. ಗುಂಡಿ ಇದ್ರ ಕಣ್ಣು ಮಿಂಚಿನ ಬೆನ್ನ ಹತ್ತತದ, ಪೋಸ್ಟ್ ಇದ್ರ ಕರೀ ಭಾಗ ನೋಡ್ತದ. ಸವದು ದುಂಡ ಆದ ಬಲಗಡೆ ಅಂಚು ಹೊಳದ್ರ ಪೋಸ್ಟ್ ಸಣ್ಣ ಆಗಿ ಎಡಕ್ಕ ಸರದಂಗ ಕಾಣ್ತದ, ನಾವು ಅದನ್ನ ನಡುವ ತರಾಕ ಬಲಕ್ಕ ದೂಡ್ತೀವಿ, ಗುಂಡೂ ಬಲಕ್ಕ, ಬಿಸಿಲಿನ ಕಡೇನ. ಅದಕ್ಕ ರ‍್ಯಾಂಪ್ ಒಂದಕ್ಕ ಮಸಿ ಹಚ್ಚಿ ಬಿಡಬ್ಯಾಡ್ರಿ, ಎರಡೂ ಪಕ್ಕ, ಹಿಂದಿನ ನಾಚಿನ ಮುಖ ಎಲ್ಲಾದಕ್ಕೂ ಹಚ್ರಿ.

ಇನ್ನೊಂದು, ಡ್ಯುಯಲ್ ಸ್ಟೇಜಿನ್ಯಾಗ (ಬೇಗ ಹೊಡಿಯೂ ಸುತ್ತು) ಮೂರು ಸೆಕೆಂಡ್ ಟಾರ್ಗೆಟ್ ತಿರುಗಿದಾಗ ಎದುರಿಗೆ 500 ಮಿಲಿಮೀಟರ್ ಕರೀ ಇರ್ತದ, ಕರೀ ಸೈಟ್ ಅದರಾಗ ಮುಳಗ್ತದ ಅಂತ ಕೆಲವರು ಗೊಣಗ್ತಾರ. ಮುಳಗಿದ್ರೂ ಚಿಂತಿಲ್ಲ, ಪ್ರತಿ ಶಾಟಿಗೆ ಒಂದ ರೀತಿ ಮುಳಗ್ತದಲ್ಲ, ಹೊಳಪು ಹಂಗಲ್ಲ, ಮೋಡ ಬಂದು ಹೋದಂಗ ಬದಲಾಗ್ತದ.

ವಾಕಡ್_ಶೂಟರ್:
ಸೂಪರ್, ಇಷ್ಟು ಡೀಟೇಲಾಗಿ ಯಾರೂ ಹೇಳಿರ್ಲಿಲ್ಲ. ಕ್ಲಬ್ಬಲ್ಲಿ ಕೇಳ್ದೆ, ಮಸಿಗೆ ಓಕೆ ಅಂದ್ರು, ಆದ್ರೆ ಬೆಂಕಿ ಹಚ್ಚೋದು ಹೊರಗಡೆ ಶೆಡ್ ಹತ್ರ, ಅವ್ರ ಆರ್ಮರರ್ (ಗನ್ ನೋಡ್ಕೊಳ್ಳೋರು) ಕೈಲೇ. ಪರ್ಮನೆಂಟಾಗಿ ಸರಿ ಮಾಡ್ಸಿ ಅಂತ ಕಮಿಟಿಗೆ ಲೆಟರ್ ಕೊಡೋಣ ಅಂತಿದೀನಿ, ಏನಂತ ಬರೀಲಿ?

ಘಾಟ್ಕೋಪರ್_ರಾಯರು:
ಸವೆದ ಗೆರೆಗಳನ್ನು ಪುನಃ ಕೊರೆಸಿ ಬ್ಲೂಯಿಂಗ್ ಮಾಡಿಸಿ ಅಂತ ಬರೀರಿ, ಅದು ಕಮ್ಮಿ ಖರ್ಚು. ಗೆರೆ ಇದ್ದರೆ ಒಂದೇ ದೊಡ್ಡ ಕನ್ನಡಿ ಹೋಗಿ ಸಣ್ಣ ಸಣ್ಣ ನೆರಳಾಗ್ತದೆ. ಕೋಲ್ಡ್ ಬ್ಲೂ (ಬಿಸಿ ಮಾಡದೆ ಹಚ್ಚುವ ಬ್ಲೂಯಿಂಗ್ ದ್ರಾವಣ) ಸಾಕು ಅಂತ ಯಾರಾದರೂ ಹೇಳಿದರೆ, ಅದು ಮಾಮೂಲಿ ಕಾರ್ಬನ್ ಉಕ್ಕಿಗೆ ಹಿಡೀತದೆ, ಸ್ಟೇನ್‌ಲೆಸ್‌ಗೆ ಹಿಡಿಯುವುದಿಲ್ಲ, ಮತ್ತು ನುಣ್ಣಗಿನ ಮೇಲ್ಮೈಗೆ ಹಚ್ಚಿದರೆ ಕಪ್ಪಾಗಿಯೇ ಹೊಳೀತದೆ.

ದುಡ್ಡು ಇದ್ದರೆ ರ‍್ಯಾಂಪ್ ತೆಗೆಸಿ ಪ್ಯಾಟ್ರಿಡ್ಜ್ ಸೈಟ್. 19ನೇ ಶತಮಾನದ ಕೊನೆಯಲ್ಲಿ ಪ್ಯಾಟ್ರಿಡ್ಜ್ ಅಂತ ಅಮೆರಿಕದ ಶೂಟರ್ ತಂದ ಚೌಕ ಪೋಸ್ಟ್, ಚೌಕ ನಾಚ್. ಅದರ ಹಿಂಬದಿ ಮುಖ ನೆಟ್ಟಗೆ ನಿಂತಿರ್ತದೆ, ಸ್ವಲ್ಪ ನಮ್ಮ ಕಡೆ ಬಾಗಿಸಿ ಅಂಡರ್‌ಕಟ್ ಮಾಡಿದರೆ ಅದರ ನೆರಳು ಅದರ ಮೇಲೆಯೇ, ಆಕಾಶ ಕಾಣುವುದೇ ಇಲ್ಲ. ರ‍್ಯಾಂಪ್ ಬಂದದ್ದು ಹೋಲ್ಸ್ಟರಿನಿಂದ ಎಳೆಯುವಾಗ ಸಿಕ್ಕಿಹಾಕಿಕೊಳ್ಳಬಾರದು ಅಂತ, ಟಾರ್ಗೆಟ್ ಹೊಡೆಯುವವರಿಗೆ ಅದರಿಂದ ನಯಾಪೈಸೆ ಉಪಯೋಗ ಇಲ್ಲ. ಎತ್ತರ ಬದಲಾದರೆ ಝೀರೋನೂ (ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಮಾಡಿದ ಹೊಂದಾಣಿಕೆ) ಬದಲಾಗ್ತದೆ, ಅದನ್ನೂ ಲೆಟರಿನಲ್ಲಿ ಹಾಕಿ.

ಯಾವುದಾದರೂ ಸರಿ, ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ. 1959ರ ಆರ್ಮ್ಸ್ ಆ್ಯಕ್ಟ್‌ನಲ್ಲಿ ಬಂದೂಕು ರಿಪೇರಿ ಮಾಡುವ ಅಂಗಡಿಗೂ ಲೈಸೆನ್ಸ್ ಬೇಕು, ಗುರುತಿನ ಲೇತ್ ವರ್ಕ್‌ಶಾಪಿಗೆ ಒಯ್ದು ಕೊಡುವ ವಸ್ತು ಅಲ್ಲ.

ನಿಗಡಿ_ನವೀನ:
ಸರಿ ರಾಯ್ರೆ, ನೇಲ್ ಪಾಲಿಶ್ ವಾಪಸ್ ತಗೊಂಡೆ 😄 ಟೋಪಿ ಹಾಕ್ಕೊಂಡ್ರೆ?

ಹುಬ್ಳಿ_ಟು_ಪಿಂಪ್ರಿ:
ಹಾಕ್ಕೋರಿ, ಕಣ್ಣಿಗೆ ಆರಾಮ, ಸೈಟಿನ ಮ್ಯಾಲೆ ಬೀಳೂ ಬಿಸಿಲಿಗೆ ಏನೂ ಆಗಂಗಿಲ್ಲ.

ವಾಕಡ್ ಅಣ್ಣಾ, ಮ್ಯಾಚ್ ಮುಗದ ಮ್ಯಾಲೆ ಮಸಿ ಪೂರಾ ಒರಸಿ ತೆಳ್ಳಗ ಗನ್ ಆಯಿಲ್ ಹಚ್ಚಿ ಆರ್ಮರಿಗೆ ಕೊಡ್ರಿ. ಜಿಡ್ಡು ತಗದ ಉಕ್ಕದು, ಮ್ಯಾಲೆ ಬ್ಲೂಯಿಂಗೂ ಇಲ್ಲ, ಮಳಿಗಾಲದಾಗ ಪುಣೆ ಹವಾಕ್ಕ ಜಂಗು ಹಿಡ್ಯಾಕ ತಡ ಇಲ್ಲ. ಮುಂದಿನ ಸಲ ಬೆಳಿಗ್ಗೆ ಒಂದು ಟಾರ್ಗೆಟ್ ಕಾರ್ಡು, ಬಿಸಿಲಾಗ ಮಸಿ ಹಚ್ಚಿ ಒಂದು ಕಾರ್ಡು ಹೊಡದು ಎರಡರದೂ ಫೋಟೋ ಹಾಕ್ರಿ, ಗ್ರಿಪ್ಪೋ ಗ್ಲೇರೋ ಅಲ್ಲೇ ಗೊತ್ತಾಗ್ತದ.